ನಿಮಗಿದು ಗೊತ್ತೆ? ಪ್ಲಾಸ್ಟಿಕ್‌ನಿಂದಲೂ ಸೌರ ವಿದ್ಯುತ್!

ಮನೆಗಳ ತಾರಸಿಯ ಮೇಲೆ ಕಾಣುವ ಸೋಲಾರ್ ಫಲಕಗಳಲ್ಲಿ ಹೆಚ್ಚಾಗಿ ಇರುವುದು ಸಿಲಿಕಾನ್. ಆದರೆ ಇಂಗಾಲ ಆಧಾರಿತ ಪಾಲಿಮರ್‌ಗಳೂ ಬಿಸಿಲಿನಿಂದ ವಿದ್ಯುತ್ ಉತ್ಪಾದಿಸಬಲ್ಲವು. ಇಂತಹ ಇಂಗಾಲದ ವಸ್ತುಗಳಿಂದ ಮಾಡಿದವೇ ಸಾವಯವ ಸೌರಕೋಶಗಳು.

● 1986ರಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿ ಚಿಂಗ್ ಟ್ಯಾಂಗ್ ಎರಡು ಪದರಗಳ ಸಾವಯವ ಕೋಶವನ್ನು ಪ್ರಕಟಿಸಿದರು. ಅದರ ದಕ್ಷತೆ ಸುಮಾರು ಶೇ 1 ಮಾತ್ರ.

● ಈ ವಸ್ತುಗಳ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ಅದು ತೆರವು ಮಾಡಿದ ಜಾಗವಾದ ‘ರಂಧ್ರ’ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಈ ಜೋಡಿಯ ಹೆಸರು ಎಕ್ಸಿಟಾನ್. ಸಾಮಾನ್ಯವಾಗಿ ಅದು ಸಾಗುವುದು ಸುಮಾರು ಹತ್ತು ನ್ಯಾನೊಮೀಟರ್‌ನಷ್ಟು ದೂರ. ಅಷ್ಟರೊಳಗೆ ಬೇರ್ಪಡದಿದ್ದರೆ ಶಕ್ತಿ ವ್ಯರ್ಥ.

● ಅದಕ್ಕಾಗಿಯೇ ಎಲೆಕ್ಟ್ರಾನ್ ಕೊಡುವ ಪಾಲಿಮರ್ ಹಾಗೂ ಪಡೆಯುವ ಅಣುಗಳನ್ನು ಬೆರೆಸಿ, ಸುಮಾರು 100 ನ್ಯಾನೊಮೀಟರ್ ದಪ್ಪದ ಪದರವಾಗಿ ಲೇಪಿಸುತ್ತಾರೆ. ಇವೆರಡೂ ಕೂಡುವ ಗಡಿಯಲ್ಲಿ ಜೋಡಿ ಒಡೆದು, ವಿದ್ಯುತ್ ಹರಿಯುತ್ತದೆ.

● ಎಲೆಕ್ಟ್ರಾನ್ ಪಡೆಯಲು ಮೊದಲು ಬಳಕೆಯಲ್ಲಿದ್ದುದು ಫುಟ್‌ಬಾಲ್ ಆಕಾರದ ಇಂಗಾಲದ ಅಣು ಫುಲ್ಲರೀನ್‌ನ ರೂಪಾಂತರಗಳು. 2019ರಲ್ಲಿ ಅವುಗಳ ಬದಲಿಗೆ ಬಂದ ‘ವೈ6’ ಎಂಬ ಅಣು ದಕ್ಷತೆಯನ್ನು ಶೇ 15ರ ಆಚೆಗೆ ಒಯ್ದಿತು.

● ಈ ವಸ್ತುಗಳನ್ನು ದ್ರಾವಣವಾಗಿಸಿ, ಬಾಗುವ ಹಾಳೆಗಳ ಮೇಲೆ ಮುದ್ರಿಸಬಹುದು. ಆದರೆ ಗಾಳಿ, ತೇವ ಮತ್ತು ನೇರಳಾತೀತ ಕಿರಣಗಳಿಗೆ ಬೇಗ ಹಾಳಾಗುವುದರಿಂದ, ಬಾಳಿಕೆಯಲ್ಲಿ ಇಂದಿಗೂ ಸಿಲಿಕಾನ್‌ದೇ ಮೇಲುಗೈ.