ಅಕ್ಷರ ಕಾಣುವಷ್ಟು ತೆಳು ಕಣಕ: ಸೇಬಿನ ಹಗುರ ಸಿಹಿಯಿಂದ ಒಂದು ವಿಜ್ಞಾನ ಪಾಠ

ಏಳನೇ ತರಗತಿಯ ಭೌತ ಮತ್ತು ರಾಸಾಯನಿಕ ಬದಲಾವಣೆಗಳ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳಲ್ಲಿ ಮೇಣದಬತ್ತಿ, ತುಕ್ಕು ಹಿಡಿದ ಮೊಳೆ, ಮೆಗ್ನೀಸಿಯಂ ಪಟ್ಟಿ ತಪ್ಪದೆ ಇರುತ್ತವೆ. ಅವು ಬೇಕಾದವೇ. ಆದರೆ ಅವುಗಳ ಬಗ್ಗೆ ಮಗುವಿಗೆ ಮೊದಲೇ ಗೊತ್ತಿರುವುದು ಕಡಿಮೆ. ಹಾಗಾಗಿ ಶಿಕ್ಷಕರು ಹೇಳಿದ್ದನ್ನು ಒಪ್ಪಿ ಬರೆದುಕೊಳ್ಳುವುದಷ್ಟೇ ಅದರ ಪಾಲಿಗೆ ಉಳಿಯುತ್ತದೆ. ಹಿಟ್ಟಿನ ವಿಷಯ ಹಾಗಲ್ಲ. ಹಿಟ್ಟು ನಾದುವುದನ್ನು, ಬೇಯಿಸುವುದನ್ನು ನೋಡದ ಮಗು ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ.

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಅಭ್ಯಾಸ ಶಾಲೆಗಳಲ್ಲಿ ನಾನು ಮಾರ್ಗದರ್ಶನ ನೀಡಿದ ಒಂದು ಚಟುವಟಿಕೆಯನ್ನು ಇಲ್ಲಿ ವಿವರಿಸುತ್ತೇನೆ. ತೆಳುವಾದ, ಗರಿಗರಿಯಾದ ಕಣಕದಲ್ಲಿ ಸೇಬಿನ ಹೂರಣ ಇಟ್ಟು ಮಾಡುವ ಹಗುರ ಸಿಹಿ ಅದು. ಅದನ್ನು ಮಾಡುವ ಬಗೆ, ಅದರ ಹಿಂದಿನ ವಿಜ್ಞಾನ, 40 ನಿಮಿಷದ ಅವಧಿಗೆ ಹೊಂದಿಸುವ ಕ್ರಮ, ಒಂದೇ ಪಾಠವನ್ನು ಮೂರು ಊರುಗಳಲ್ಲಿ ಮೂರು ಬೇರೆ ಪ್ರಶ್ನೆಗಳಿಂದ ಆರಂಭಿಸಬೇಕಾದ ಕಾರಣ, ಇವಿಷ್ಟು ಲೇಖನದ ವ್ಯಾಪ್ತಿ.

ಹೊಸದಲ್ಲದ ತಿಂಡಿ

ಸೇಬಿನ ಈ ತಿಂಡಿ ಯುರೋಪಿನಲ್ಲಿ ಸ್ಟ್ರೂಡೆಲ್ ಎಂದು ಪ್ರಸಿದ್ಧ. ಸ್ಟ್ರೂಡೆಲ್ ಮಾಡುವ ವಿಧಾನವನ್ನು ಬರೆದಿಟ್ಟ 1696ರ ಕೈಬರಹವೊಂದು ವಿಯೆನ್ನಾ ನಗರದ ಗ್ರಂಥಾಲಯದಲ್ಲಿದೆ. ಕಣಕದ ಕೆಳಗೆ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳುವಾಗಿ ಎಳೆಯಬೇಕು ಎಂಬುದು ಅಲ್ಲಿನ ಅಡುಗೆಯವರ ಅಳತೆ.

ಇಷ್ಟು ಕೇಳಿದ ಕೂಡಲೇ ಇದು ಪರದೇಶದ ವಿದ್ಯೆ ಎಂದುಕೊಳ್ಳಬೇಕಿಲ್ಲ. ಬೆಳಗಾವಿ ಕಡೆಯ ಮದುವೆಗಳ ಮಂಡಿಗೆಯನ್ನು ನೆನೆಯಿರಿ. ಚೆನ್ನಾಗಿ ನಾದಿ ನೆನೆಸಿದ ಕಣಕದಲ್ಲಿ ಸಕ್ಕರೆ ಹೂರಣ ತುಂಬಿ, ಅದನ್ನು ಎರಡೂ ಕೈಗಳ ಮೇಲೆ ಆಡಿಸುತ್ತ ಹಿಗ್ಗಿಸಿ, ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬೇಯಿಸಿ ಮಡಚುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಮಂಡಕ ಎಂಬ ಹೆಸರಿನಲ್ಲಿ ಇದರ ವಿವರಣೆ ಇದೆ. ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಎಂಬ ನಮ್ಮ ಮಾತು ಹುಟ್ಟಿದ್ದೂ ಇದರಿಂದಲೇ. ಸ್ಟ್ರೂಡೆಲ್ ಆಗಲಿ ಮಂಡಿಗೆಯಾಗಲಿ, ಹಿಂದೆ ಇರುವುದು ಗೋಧಿ ಕಣಕದ ಒಂದೇ ಗುಣ: ಅದು ಹರಿಯದೆ ಹಿಗ್ಗುತ್ತದೆ.

ಮಾಡುವ ಬಗೆ

ತರಗತಿಗೆ ಒಯ್ಯುವ ಮೊದಲು ಪ್ರಶಿಕ್ಷಣಾರ್ಥಿ ಇದನ್ನು ಮನೆಯಲ್ಲಿ ಕನಿಷ್ಠ ಎರಡು ಸಲ ಮಾಡಿ ನೋಡಿರಬೇಕು.

ಕಣಕಕ್ಕೆ: ಮೈದಾ 150 ಗ್ರಾಂ, ಉಗುರುಬೆಚ್ಚಗಿನ ನೀರು ಸುಮಾರು 80 ಮಿಲಿ, ಅಡುಗೆ ಎಣ್ಣೆ 1 ದೊಡ್ಡ ಚಮಚ, ನಿಂಬೆರಸ ಅರ್ಧ ಸಣ್ಣ ಚಮಚ, ಚಿಟಿಕೆ ಉಪ್ಪು.

ಹೂರಣಕ್ಕೆ: ಮಧ್ಯಮ ಗಾತ್ರದ ಸೇಬು 3, ಸಕ್ಕರೆ 3 ದೊಡ್ಡ ಚಮಚ, ಹುರಿದ ಚಿರೋಟಿ ರವೆ 2 ದೊಡ್ಡ ಚಮಚ, ನಿಂಬೆರಸ 1 ಸಣ್ಣ ಚಮಚ, ಏಲಕ್ಕಿ ಅಥವಾ ದಾಲ್ಚಿನ್ನಿ ಪುಡಿ ಸ್ವಲ್ಪ. ಸವರಲು ಕರಗಿಸಿದ ತುಪ್ಪ 2 ದೊಡ್ಡ ಚಮಚ.

ಮೈದಾಕ್ಕೆ ಉಪ್ಪು, ಎಣ್ಣೆ, ನಿಂಬೆರಸ, ನೀರು ಸೇರಿಸಿ 10 ನಿಮಿಷ ನಾದಿರಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆಯ ಕಣಕಕ್ಕಿಂತ ತುಸು ಗಟ್ಟಿಯಾಗಿರಲಿ. ಮೇಲೆ ಎಣ್ಣೆ ಸವರಿ ಮುಚ್ಚಿ 45 ನಿಮಿಷ ನೆನೆಯಲು ಬಿಡಿ. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಕಣಕದ ಮೇಲ್ಮೈ ಬೇಗ ಒಣಗಿ ಹೊಪ್ಪಳೆ ಕಟ್ಟುತ್ತದೆ. ಹೊಪ್ಪಳೆ ಕಟ್ಟಿದ ಕಡೆಯೇ ಎಳೆಯುವಾಗ ಹರಿಯುತ್ತದೆ. ಆದ್ದರಿಂದ ಪಾತ್ರೆಯ ಮೇಲೆ ಒದ್ದೆ ಬಟ್ಟೆ ಹೊದಿಸುವುದನ್ನು ಮರೆಯಬಾರದು.

ಅಗಲವಾದ ಶುಭ್ರ ಬಟ್ಟೆಯ ಮೇಲೆ ಹಿಟ್ಟು ಉದುರಿಸಿ, ಕಣಕವನ್ನು ಆದಷ್ಟು ಲಟ್ಟಿಸಿ, ನಂತರ ಮುಂಗೈಗಳನ್ನು ಕೆಳಗೆ ತೂರಿಸಿ ಮಧ್ಯದಿಂದ ಅಂಚಿನ ಕಡೆಗೆ ಮೆಲ್ಲಗೆ ಎಳೆಯಿರಿ. ಬಳೆ, ಉಂಗುರ ತೆಗೆದಿಡಬೇಕು. ತೆಳುವಾದ ಮೇಲೆ ತುಪ್ಪ ಸವರಿ, ಒಂದು ಬದಿಗೆ ರವೆ ಹರಡಿ, ಅದರ ಮೇಲೆ ತೆಳ್ಳಗೆ ಹೆಚ್ಚಿದ ಸೇಬಿಟ್ಟು, ಬಟ್ಟೆಯನ್ನು ಎತ್ತುತ್ತ ಚಾಪೆಯಂತೆ ಸುತ್ತಿ. ಸಕ್ಕರೆಯನ್ನು ಸೇಬಿಗೆ ಬೆರೆಸುವುದು ಸುತ್ತುವ ಮುನ್ನವೇ, ಅದಕ್ಕಿಂತ ಮೊದಲಲ್ಲ. ಒಲೆಯಲ್ಲಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷ ಸಾಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಕಿ 15 ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿ ಬೇಯಿಸಬಹುದು. ಕೊನೆಯ 10 ನಿಮಿಷ ಮುಚ್ಚಳವನ್ನು ಓರೆ ಮಾಡಿ ಹಬೆ ಹೋಗಲು ಬಿಡಬೇಕು, ಇಲ್ಲವಾದರೆ ಮೇಲ್ಪದರ ಮೆತ್ತಗಾಗುತ್ತದೆ.

ತರಗತಿಯಲ್ಲಿ ಇಷ್ಟು ಸಮಯ ಸಿಗದು. ಅಲ್ಲಿಗೆ ಸಣ್ಣ ರೂಪ ಸಾಕು. ಸೇಬನ್ನು ಮೊದಲೇ ಬಾಣಲೆಯಲ್ಲಿ ನೀರು ಆರುವವರೆಗೆ ಬಾಡಿಸಿ ಒಯ್ಯಿರಿ. ನಿಂಬೆ ಗಾತ್ರದ ಕಣಕವನ್ನು ಎಳೆದು, ಒಂದು ಚಮಚ ಹೂರಣವಿಟ್ಟು, ಚೌಕವಾಗಿ ಮಡಚಿ, ತುಪ್ಪ ಸವರಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲು 3–4 ನಿಮಿಷ ಬೇಯಿಸಿ. ಒಲೆಯ ಹತ್ತಿರ ಪ್ರಶಿಕ್ಷಣಾರ್ಥಿ ಮಾತ್ರ ಇರಬೇಕು.

ಹಗುರ ಎನ್ನುವುದೇಕೆ? ಬೇಕರಿಯ ಪಫ್‌ನ ಪದರಗಳಿಗೆ ಮೈದಾದ ತೂಕದ ಅರ್ಧದಿಂದ ಅದರಷ್ಟೇ ತೂಕದವರೆಗೆ ಕೊಬ್ಬು ಬೇಕು. 150 ಗ್ರಾಂ ಮೈದಾಕ್ಕೆ ಅದು 75ರಿಂದ 150 ಗ್ರಾಂ ಆಗುತ್ತದೆ. ಇಲ್ಲಿ ಎಣ್ಣೆ, ತುಪ್ಪ ಎರಡೂ ಸೇರಿ ಸುಮಾರು 45 ಗ್ರಾಂ ದಾಟುವುದಿಲ್ಲ. ಪಫ್‌ನಲ್ಲಿ ಪದರ ಬಿಡಿಸುವ ಹೆಚ್ಚಿನ ಕೆಲಸ ಕೊಬ್ಬಿನದು. ಇಲ್ಲಿ ಆ ಕೆಲಸವನ್ನು ಕಣಕದ ತೆಳುವೇ ಮಾಡುತ್ತದೆ.

ಹಿಂದಿನ ವಿಜ್ಞಾನ

ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಬೆರೆಸಿ ನಾದಿದಾಗ ಇವೆರಡೂ ಕೂಡಿ ಗ್ಲುಟೆನ್ ಎಂಬ ಬಲೆಯಾಗುತ್ತವೆ. ಬಲೆ ಹಿಗ್ಗುವುದು ಮುಖ್ಯವಾಗಿ ಗ್ಲಯಾಡಿನ್‌ನಿಂದ, ಮರಳಿ ಕುಗ್ಗುವುದು ಗ್ಲುಟೆನಿನ್‌ನಿಂದ. ನಾದಿದ ಕೂಡಲೇ ಬಲೆ ಬಿಗಿಯಾಗಿರುತ್ತದೆ, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಬರುತ್ತದೆ. ನೆನೆಯಲು ಬಿಟ್ಟಾಗ ಬಿಗಿ ಸಡಿಲಾಗಿ ಎಳೆದಷ್ಟೂ ಹಿಗ್ಗುತ್ತದೆ. ಹೋಳಿಗೆಯ ಕಣಕವನ್ನು ನಮ್ಮ ತಾಯಂದಿರು ಎಣ್ಣೆಯಲ್ಲಿ ತಾಸುಗಟ್ಟಲೆ ನೆನೆಯಿಡುವುದು ಇದೇ ಕಾರಣಕ್ಕೆ.

ಜೋಳದಲ್ಲಿ ಇಂಥ ಬಲೆ ಕಟ್ಟುವ ಪ್ರೋಟೀನುಗಳಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಎಳೆದರೆ ಮುರಿಯುತ್ತದೆ. ಕುದಿಯುವ ನೀರು ಹಾಕಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಆದರೂ ಅದು ಹಿಗ್ಗದು. ಆದ್ದರಿಂದಲೇ ಜೋಳದ ರೊಟ್ಟಿಯನ್ನು ಎಳೆಯುವುದಿಲ್ಲ, ಬಡಿಯುತ್ತೇವೆ.

ಗರಿಗರಿ ಆಗುವುದು ನೀರು ಹೋಗುವುದರಿಂದ. ತೆಳು ಪದರದಿಂದ ನೀರು ಬೇಗ ಆವಿಯಾಗುತ್ತದೆ, ಉಳಿದ ಪಿಷ್ಟ ಮತ್ತು ಪ್ರೋಟೀನು ಗಾಜಿನಂತೆ ಗಡುಸಾಗಿ ಕಚ್ಚಿದರೆ ಮುರಿಯುತ್ತದೆ. ನಡುವಿನ ತುಪ್ಪ ಪದರಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಸೇಬಿನ ತೂಕದಲ್ಲಿ ಸುಮಾರು 85 ಭಾಗ ನೀರೇ. ಸಕ್ಕರೆ ಬೆರೆಸಿ ಇಟ್ಟರೆ ಅಭಿಸರಣೆಯಿಂದ ಆ ನೀರು ಹೊರಬಂದು ಕಣಕವನ್ನು ತೋಯಿಸುತ್ತದೆ. ಸಕ್ಕರೆಯನ್ನು ಕೊನೆಗೆ ಬೆರೆಸುವುದು, ಹುರಿದ ರವೆ ಹರಡುವುದು ಎರಡೂ ಇದನ್ನು ತಡೆಯಲಿಕ್ಕಾಗಿ.

40 ನಿಮಿಷದ ಅವಧಿ

ನಾಲ್ಕು ಉಂಡೆ ಸಿದ್ಧವಿರಲಿ: ನೆನೆದ ಮೈದಾ, ಆಗಷ್ಟೇ ನಾದಿದ ಮೈದಾ, ತಣ್ಣೀರಿನ ಜೋಳ, ಕುದಿನೀರಿನ ಜೋಳ.

ಮೊದಲ 5 ನಿಮಿಷ ತೊಡಗಿಸಿಕೊಳ್ಳುವ ಪ್ರಶ್ನೆ. ಮುಂದಿನ 10 ನಿಮಿಷ ಗುಂಪುಗಳು ನಾಲ್ಕೂ ಉಂಡೆಗಳನ್ನು ಎಳೆದು ನೋಡಿ, ಎಷ್ಟು ಹಿಗ್ಗಿತು, ಎಲ್ಲಿ ಹರಿಯಿತು ಎಂದು ಬರೆದುಕೊಳ್ಳುತ್ತವೆ. ನೆನೆದ ಮೈದಾದ ಹಿಂದೆ ಪಠ್ಯಪುಸ್ತಕ ಹಿಡಿದು ಅಕ್ಷರ ಓದುವ ಆಟ ಇಲ್ಲೇ ಆಗಲಿ. ನಂತರ 7 ನಿಮಿಷ ಮೈದಾ ಮತ್ತು ಜೋಳದ ಪುಟ್ಟ ಉಂಡೆಗಳನ್ನು ಬಟ್ಟಲು ನೀರಿನಲ್ಲಿ ಹಿಸುಕಿ ತೊಳೆಯುವುದು. ಜೋಳದ ಉಂಡೆ ನೀರಿನಲ್ಲಿ ಚದುರಿ ಹೋಗುತ್ತದೆ. ಮೈದಾದ ಉಂಡೆಯಿಂದ ಬಿಳಿ ನೀರು ಹರಿದು, ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೊನ್ಯದ ಬೆಕಾರಿ ಎಂಬ ವಿಜ್ಞಾನಿ ಗೋಧಿ ಹಿಟ್ಟಿನಿಂದ ಇದನ್ನು ಹೀಗೆಯೇ ಬೇರ್ಪಡಿಸಿದ್ದು 1745ರಲ್ಲಿ ಪ್ರಕಟವಾಯಿತು. ಬಿಳಿ ನೀರಿಗೆ ಅಯೋಡಿನ್ ಹನಿ ಹಾಕಿದರೆ ಕಡುನೀಲಿಯಾಗಿ, ಅದು ಪಿಷ್ಟವೆಂದು ತಿಳಿಯುತ್ತದೆ. ಅಯೋಡಿನ್ ತಾಗಿದ್ದು, ತೊಳೆದದ್ದು ಯಾವುದೂ ತಿನ್ನುವ ಪಾತ್ರೆಯ ಹತ್ತಿರ ಬರಬಾರದು.

ಆಮೇಲೆ 12 ನಿಮಿಷ ಹಂಚಿನ ಕೆಲಸ. ಬೇಯುವಾಗ ಮಕ್ಕಳು ಬಣ್ಣ, ವಾಸನೆ, ಸದ್ದು ಮೂರನ್ನೂ ಗಮನಿಸಲಿ. ಕೊನೆಯ 6 ನಿಮಿಷ ವರ್ಗೀಕರಣ: ಕಣಕ ಎಳೆದದ್ದು, ತುಪ್ಪ ಕರಗಿದ್ದು, ನೀರು ಆವಿಯಾದದ್ದು ಭೌತ ಬದಲಾವಣೆ. ಹೆಚ್ಚಿದ ಸೇಬು ಕಂದಾದದ್ದು, ಕಣಕ ಬೆಂದು ಹೊಂಬಣ್ಣಕ್ಕೆ ತಿರುಗಿದ್ದು ರಾಸಾಯನಿಕ ಬದಲಾವಣೆ. ಹೆಚ್ಚಿದ ಸೇಬಿನ ಎರಡು ಹೋಳಿನಲ್ಲಿ ಒಂದಕ್ಕೆ ನಿಂಬೆರಸ ಸವರಿ ಆರಂಭದಲ್ಲೇ ಇಟ್ಟಿದ್ದರೆ ವ್ಯತ್ಯಾಸ ತೋರಿಸಲು ಅನುಕೂಲ.

ಮೂರು ಊರು, ಮೂರು ಪ್ರಶ್ನೆ

ಈ ಪಾಠದ ಯಶಸ್ಸು ಮೊದಲ 5 ನಿಮಿಷದಲ್ಲಿದೆ. ರಾಯಚೂರು ನಗರದ ಮಕ್ಕಳಿಗೆ ಬೇಕರಿಯ ಪಫ್ ಗೊತ್ತು. ಅಲ್ಲಿ “ಪಫ್ ತಿಂದಾಗ ಕೈಗೆ ಏನು ಹತ್ತುತ್ತದೆ?” ಎಂದು ಕೇಳಿದರೆ ಜಿಡ್ಡಿನಿಂದ ಪದರಕ್ಕೆ, ಪದರದಿಂದ ತೆಳುವಿಗೆ ಮಾತು ತಾನಾಗಿ ಬರುತ್ತದೆ.

ದೇವದುರ್ಗದ ಕಡೆ ಅದೇ ಪ್ರಶ್ನೆ ಕೇಳಿದ ಪ್ರಶಿಕ್ಷಣಾರ್ಥಿಗೆ ತರಗತಿಯಿಂದ ಮಾತೇ ಬರಲಿಲ್ಲ. ಕಣಕ ಎಳೆಯುವಾಗ ಮಾತ್ರ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ನಮ್ಮವ್ವ ಜ್ವಾಳದ ಹಿಟ್ಟಿಗೆ ಕುದಿಯೋ ನೀರು ಹಾಕ್ತಾಳ್ರೀ ಟೀಚರ್, ಇದಕ್ಯಾಕ ಹಾಕಲ್ಲ?” ಎಂದಳು. “ಅದು ಇವತ್ತಿನ ಪಾಠ ಅಲ್ಲ, ಕೂತ್ಕೊ” ಎಂಬ ಉತ್ತರ ಬಂತು. ಆಗ ಯೋಜನೆಯಲ್ಲಿ ಜೋಳದ ಉಂಡೆ ಇರಲಿಲ್ಲ. ಅವಲೋಕನದ ನಂತರದ ಚರ್ಚೆಯಲ್ಲಿ ಇಡೀ ಗುಂಪು ಆ ಪ್ರಶ್ನೆಯ ಮೇಲೆಯೇ ಕುಳಿತಿತು. ಗ್ಲುಟೆನ್ ಇರುವ ಹಿಟ್ಟಿಗೂ ಇಲ್ಲದ ಹಿಟ್ಟಿಗೂ ಇರುವ ವ್ಯತ್ಯಾಸವನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಮುಂದಿಟ್ಟಿದ್ದಳು. ಮೇಲೆ ಹೇಳಿದ ನಾಲ್ಕು ಉಂಡೆಗಳ ಹೋಲಿಕೆ ಸೇರಿದ್ದು ಆ ಚರ್ಚೆಯಿಂದ. ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಇನ್ನೊಂದು ವಿಭಾಗದಲ್ಲಿ “ರೊಟ್ಟಿ ಹಿಟ್ಟಿಗೆ ಬಿಸಿನೀರು ಏಕೆ?” ಎಂದೇ ಆರಂಭಿಸಿದರು. ಮಕ್ಕಳ ಮಾತು ನಿಲ್ಲಿಸುವುದೇ ಕಷ್ಟವಾಯಿತು.

ಮಾನ್ವಿಯ ಕಾಲುವೆ ಪ್ರದೇಶ ಭತ್ತದ ನಾಡು. ಅಲ್ಲಿನ ಕ್ಯಾಂಪುಗಳ ತೆಲುಗು ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರು ಪೂತರೇಕುಲು ತಿಂದವರು. ಆಂಧ್ರದ ಆತ್ರೇಯಪುರ ಹೆಸರಾಗಿರುವ ಈ ಸಿಹಿಗೆ ಅಕ್ಕಿಯ ನೀರುಹಿಟ್ಟನ್ನು ಬೋರಲು ಮಡಕೆಯ ಮೇಲೆ ಬಟ್ಟೆಯಿಂದ ಸವರಿ ಕಾಗದದಂಥ ಹಾಳೆ ತೆಗೆಯುತ್ತಾರೆ. ಅಕ್ಕಿಯಲ್ಲೂ ಗ್ಲುಟೆನ್ ಇಲ್ಲ. ಹಾಗಾದರೆ ಹಾಳೆ ಅಷ್ಟು ತೆಳುವಾಗಿದ್ದು ಹೇಗೆ? ಅದು ಎಳೆದು ತೆಳುವಾದದ್ದಲ್ಲ, ಸವರಿದ ಹಿಟ್ಟಿನ ಪಿಷ್ಟ ಬಿಸಿಗೆ ಬೆಂದು ಒಣಗಿ ಹಾಳೆಯಾದದ್ದು. ಎಳೆಯುವುದು, ಬಡಿಯುವುದು, ಸವರುವುದು ಎಂಬ ಮೂರು ದಾರಿಗಳನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಬಲ್ಲರು.

ವಿಸ್ತರಣೆಗೆ ಒಂದು ಪ್ರಶ್ನೆ ಎಲ್ಲ ಕಡೆಯೂ ಹೊಂದುತ್ತದೆ: ಖಡಕ್ ರೊಟ್ಟಿ ವಾರಗಟ್ಟಲೆ ಗರಿಗರಿ ಇರುತ್ತದೆ, ಸೇಬಿನ ತಿಂಡಿ ಸಂಜೆಗೇ ಮೆತ್ತಗಾಗುತ್ತದೆ, ಏಕೆ? ಒಂದರಲ್ಲಿ ನೀರು ಪೂರ್ತಿ ಹೋಗಿದೆ, ಇನ್ನೊಂದರ ಹೂರಣದಲ್ಲಿ ಉಳಿದ ನೀರು ಕಣಕಕ್ಕೆ ಸೇರುತ್ತಿದೆ. ಈ ಉತ್ತರಕ್ಕೆ ಮಗು ತಾನಾಗಿ ಬಂದರೆ ಕಲಿಕಾ ಫಲ ದೊರೆತಂತೆಯೇ. ಸೇಬು ದುಬಾರಿಯಾದ ದಿನಗಳಲ್ಲಿ ಬೀಜ ತೆಗೆದ ಪೇರಲ ಹಣ್ಣನ್ನು ಬಾಡಿಸಿ ಬಳಸಬಹುದು. ಪಾಠಕ್ಕೆ ಏನೂ ಕೊರತೆಯಾಗದು.

ಅವಲೋಕಕರಿಗೆ

ಇಂಥ ಪಾಠವನ್ನು ಅವಲೋಕಿಸುವವರು ತಿಂಡಿ ಎಷ್ಟು ಚೆನ್ನಾಗಿ ಬಂತು ಎಂಬುದಕ್ಕೆ ಅಂಕ ಕೊಡಬಾರದು. ಕಣಕ ಹರಿದ ಗುಂಪಿಗೆ “ಎಲ್ಲಿ ಹರಿಯಿತು, ಅಲ್ಲೇ ಏಕೆ?” ಎಂದು ಕೇಳಿದರೆ ಇನ್ನೂ ಹೆಚ್ಚು ಕಲಿಕೆ ಆಗುತ್ತದೆ. ಗಮನಿಸಬೇಕಾದವು ಮೂರು: ಮಕ್ಕಳು ಎಷ್ಟು ಪ್ರಶ್ನೆ ಕೇಳಿದರು, ಅವುಗಳಲ್ಲಿ ಎಷ್ಟನ್ನು ಪ್ರಶಿಕ್ಷಣಾರ್ಥಿ ಪಾಠದೊಳಗೆ ತಂದರು, ಮನೆಯ ಅಡುಗೆಯ ಯಾವ ತಿಳಿವಳಿಕೆ ವಿವರಣೆಗೆ ಆಧಾರವಾಯಿತು. ಪಾಠಯೋಜನೆಯ ಹಾಳೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣಗಳ ಪಕ್ಕದಲ್ಲಿ “ಮಕ್ಕಳಿಗೆ ಮೊದಲೇ ಗೊತ್ತಿರುವುದು” ಎಂಬ ಒಂದು ಅಂಕಣವನ್ನು ಸೇರಿಸಿ. ಶಾಲೆಗೆ ಹೋಗುವ ಮುನ್ನ ಆ ಊರಿನಲ್ಲಿ ಏನು ಬೆಳೆಯುತ್ತಾರೆ, ಏನು ಬೇಯಿಸುತ್ತಾರೆ ಎಂದು ವಿಚಾರಿಸಿ ಅದನ್ನು ತುಂಬಿದರೆ, ಒಂದೇ ಯೋಜನೆಯನ್ನು ಮೂರು ಶಾಲೆಗಳಿಗೆ ನಕಲು ಮಾಡಿ ಒಯ್ಯುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.