ಒಳಗೆ ಬೆಂಕಿ, ಮೇಲೆ ಹಿಮ: ಮಾಸನ್ ಶಿಖರ

ಮಕ್ಕಳೇ, ಗ್ಲೋಬಿನಲ್ಲಿ ಕಾರವಾರದ ಮೇಲೆ ಬೆರಳಿಡಿ. ಅಲ್ಲಿಂದ ನೇರ ದಕ್ಷಿಣಕ್ಕೆ ಸರಿಸಿ. ಮಾಲ್ದೀವ್ಸ್ ದ್ವೀಪಗಳ ಪಕ್ಕದಲ್ಲಿ ಹಾದು, ಭೂಮಧ್ಯರೇಖೆಯನ್ನು ದಾಟಿ, ಒಟ್ಟು ಸುಮಾರು 7,500 ಕಿ.ಮೀ. ಸಾಗಿದರೆ 53 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ ಒಂದು ಪುಟ್ಟ ಚುಕ್ಕೆ ಕಾಣುತ್ತದೆ. ಅದೇ ಆಸ್ಟ್ರೇಲಿಯಾ ದೇಶಕ್ಕೆ ಸೇರಿದ ಹರ್ಡ್ ದ್ವೀಪ.

ಈ ದ್ವೀಪದ ಬಹುಭಾಗವನ್ನು ಬಿಗ್ ಬೆನ್ ಎಂಬ ಜ್ವಾಲಾಮುಖಿ ಪರ್ವತ ಆವರಿಸಿದೆ. ಅದರ ತುದಿಯೇ 2,745 ಮೀಟರ್ ಎತ್ತರದ ಮಾಸನ್ ಶಿಖರ. ಅಂಟಾರ್ಕ್ಟಿಕಾದ ಅನ್ವೇಷಕ ಡಗ್ಲಾಸ್ ಮಾಸನ್ ಅವರ ಹೆಸರು ಇದಕ್ಕಿದೆ. 1965ರ ಜನವರಿಯಲ್ಲಿ ಐವರು ಸಾಹಸಿಗಳು ಮೊದಲ ಬಾರಿಗೆ ಇದರ ತುದಿ ಮುಟ್ಟಿದರು.

ಇಷ್ಟೊಂದು ಹಿಮ ಏಕೆ?

ಇಂಗ್ಲೆಂಡಿನ ಲಿವರ್‌ಪೂಲ್ ನಗರವೂ ಭೂಮಧ್ಯರೇಖೆಯಿಂದ ಹೆಚ್ಚುಕಡಿಮೆ ಇಷ್ಟೇ ದೂರದಲ್ಲಿ, ಆದರೆ ಉತ್ತರಕ್ಕಿದೆ. ಅಲ್ಲಿ ಹಿಮನದಿಗಳಿಲ್ಲ. ಬೆಚ್ಚಗಿನ ಸಾಗರ ಪ್ರವಾಹ ಆ ಕರಾವಳಿಯನ್ನು ಬೆಚ್ಚಗಿಡುತ್ತದೆ. ಹರ್ಡ್ ದ್ವೀಪದ ಸುತ್ತಲೂ ಅಂಟಾರ್ಕ್ಟಿಕಾ ಕಡೆಯ ತಣ್ಣೀರು. ಜೊತೆಗೆ ಪಶ್ಚಿಮದಿಂದ ಬಿರುಗಾಳಿ ಬೀಸುತ್ತಲೇ ಇರುತ್ತದೆ. ಸಾಗರದ ತೇವ ಹೊತ್ತು ಬಂದ ಗಾಳಿ ಪರ್ವತಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಹಿಮವಾಗಿ ಸುರಿಯುತ್ತದೆ. ಪದರದ ಮೇಲೆ ಪದರ ಬಿದ್ದ ಹಿಮ ಒತ್ತಡದಿಂದ ಗಟ್ಟಿಯಾಗಿ, ನಿಧಾನವಾಗಿ ಕೆಳಗೆ ಜಾರುತ್ತದೆ. ಇದೇ ಹಿಮನದಿ.

ಬೆಂಕಿಗೆ ಹಿಮ ಕರಗುವುದಿಲ್ಲವೇ?

ಈ ಜ್ವಾಲಾಮುಖಿ ಇನ್ನೂ ಜೀವಂತವಾಗಿದೆ. 2016ರಲ್ಲಿ ಹಡಗಿನಲ್ಲಿ ಹೋದ ವಿಜ್ಞಾನಿಗಳು ಲಾವಾರಸ ಹಿಮನದಿಯ ಮೇಲೆ ಹರಿಯುವುದನ್ನು ಕಣ್ಣಾರೆ ಕಂಡರು. ಆದರೆ ಕಲ್ಲಿನ ಮೂಲಕ ಶಾಖ ಸುಲಭವಾಗಿ ಹರಿಯದು. ಹಾಗಾಗಿ ಲಾವಾರಸದ ಅಕ್ಕಪಕ್ಕದ ಹಿಮವಷ್ಟೇ ಕರಗುತ್ತದೆ.

ಹಿಮ ಕಡಿಮೆಯಾಗುತ್ತಿದೆ!

ಹೀಗಿದ್ದರೂ 1947ರಿಂದ 2019ರೊಳಗೆ ಇಲ್ಲಿನ ಹಿಮನದಿಗಳ ವಿಸ್ತೀರ್ಣ ಸುಮಾರು ಕಾಲು ಭಾಗದಷ್ಟು ಕುಗ್ಗಿದೆ. ಇದಕ್ಕೆ ಮುಖ್ಯ ಕಾರಣ ಪರ್ವತದ ಬೆಂಕಿಯಲ್ಲ, ಬಿಸಿಯಾಗುತ್ತಿರುವ ವಾತಾವರಣ. ದ್ವೀಪದಲ್ಲಿ ಊರಿಲ್ಲ, ಕಾರ್ಖಾನೆಯಿಲ್ಲ, ವಾಹನವಿಲ್ಲ. ಇರುವುದು ಪೆಂಗ್ವಿನ್, ಸೀಲ್ ಮತ್ತು ಕಡಲ ಹಕ್ಕಿಗಳು. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು? ನಾವು ಕಲ್ಲಿದ್ದಲು, ಪೆಟ್ರೋಲ್ ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಇಡೀ ಭೂಮಿಯ ಗಾಳಿಯಲ್ಲಿ ಬೆರೆತು ಶಾಖವನ್ನು ಹಿಡಿದಿಡುತ್ತದೆ. ಗಾಳಿಗೆ ದೇಶಗಳ ಗಡಿಯಿಲ್ಲ. ಮನುಷ್ಯರಿಲ್ಲದ ಜಾಗಕ್ಕೂ ಮನುಷ್ಯರ ಹೊಗೆಯ ಪರಿಣಾಮ ತಲುಪಿದೆ.

ಮಾಡಿ ನೋಡಿ

1. ಗ್ಲೋಬಿನಲ್ಲಿ 53 ಡಿಗ್ರಿ ದಕ್ಷಿಣ ಅಕ್ಷಾಂಶದ ಮೇಲೆ ಬೆರಳಿಟ್ಟು ಒಂದು ಸುತ್ತು ತಿರುಗಿಸಿ. ಎಷ್ಟು ನೆಲ ಸಿಕ್ಕಿತು? 53 ಡಿಗ್ರಿ ಉತ್ತರದಲ್ಲಿಯೂ ಹಾಗೆಯೇ ಮಾಡಿ. ಬಿರುಗಾಳಿಗೆ ತಡೆ ಎಲ್ಲಿ ಕಡಿಮೆ?

2. ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಅತಿ ಎತ್ತರದ ಶಿಖರ ಕೊಸಿಯುಸ್ಕೊ 2,228 ಮೀಟರ್ ಇದೆ. ಮಾಸನ್ ಶಿಖರ ಅದಕ್ಕಿಂತ ಎಷ್ಟು ಎತ್ತರ?