ದೀಪದಡಿಯ ಸಸಿಮಡಿ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಸುತ್ತಮುತ್ತ, ಟೊಮೆಟೊ ಮತ್ತು ಮೆಣಸಿನ ಸಸಿ ಹಿತ್ತಲಿಗೆ ಇಳಿಯುವುದು ಮೇ ಕೊನೆಗೆ. ಅದಕ್ಕೂ ಮೊದಲು ಯಾವುದೋ ಒಂದು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಎಳೆ ಗಿಡ ಕಪ್ಪಿಟ್ಟಿರುತ್ತದೆ. ಅಕ್ಟೋಬರ್ ಹೊತ್ತಿಗೆ ಆ ಚಳಿ ಮತ್ತೆ ಹಾಜರು. ಈ ನಡುವಿನ ನಾಲ್ಕು ತಿಂಗಳಲ್ಲೇ ಬೀಜ ಮೊಳೆತು, ಗಿಡ ಬಲಿತು, ಬ್ಯಾಡಗಿ ಮೆಣಸು ಗಿಡದಲ್ಲೇ ಕೆಂಪಾಗಬೇಕೆಂದರೆ ಲೆಕ್ಕ ಹೊಂದುವುದಿಲ್ಲ. ಅದಕ್ಕೇ ಅಲ್ಲಿನ ತೋಟದ ಹುಚ್ಚಿನವರು, ಅವರ ನಡುವಿನ ಕನ್ನಡದ ಮನೆಗಳವರೂ, ಹೊರಗೆ ಹಿಮ ಇರುವಾಗಲೇ ಬೇಸ್‌ಮೆಂಟಿನಲ್ಲಿ ದೀಪ ಕಟ್ಟಿ ಸಸಿಮಡಿ ಹೂಡುತ್ತಾರೆ. ಮೆಣಸು, ಬದನೆ ಮಾರ್ಚ್ ಮೊದಲಿಗೆ. ಟೊಮೆಟೊ ಏಪ್ರಿಲ್ ಮೊದಲ ವಾರಕ್ಕೆ.

ಬೀಜ ಮೊಳೆಸುವುದು ಸುಲಭ. ಮೊಳೆತದ್ದು ಉದ್ದಕ್ಕೆ ಎಳೆದುಕೊಳ್ಳದಂತೆ ಹಿಡಿದಿಡುವುದೇ ಕಸುಬು. ಕುಳ್ಳಗೆ, ದಪ್ಪ ಕಾಂಡದ, ಕಡುಹಸಿರು ಸಸಿ ಕಂಡರೆ ಬೆಳೆಸಿದವರ ಕೈ ಪಳಗಿದೆ ಎಂದು ತಿಳಿಯಬಹುದು. ಗೇಣುದ್ದ ಬೆಳೆದು ತಲೆ ಬಾಗಿಸಿ ನಿಂತ ಬಿಳಿಚು ಸಸಿ ಹೊಸಬರಿಗೆ ಖುಷಿ ಕೊಡುತ್ತದೆ; ಬಲ್ಲವರು ಅದನ್ನು ನೋಡಿ ತುಟಿ ಬಿಗಿಯುತ್ತಾರೆ.

ಬೀಜ ಮಣ್ಣಿನ ಕತ್ತಲಲ್ಲಿ ಮೊಳೆಯುವಾಗ ಅದಕ್ಕೆ ಇರುವುದು ಒಂದೇ ಕೆಲಸ: ಇರುವ ಅಲ್ಪ ಗಂಟನ್ನೆಲ್ಲ ಖರ್ಚು ಮಾಡಿ ಕಾಂಡವನ್ನು ಮೇಲಕ್ಕೆ ನೂಕುವುದು. ಬೆಳಕು ತಾಗಿದ ಮೇಲೆ ಆ ಓಟ ನಿಲ್ಲುತ್ತದೆ, ಎಲೆ ಬಿಚ್ಚುತ್ತದೆ, ಹಸಿರು ತುಂಬುತ್ತದೆ. ಬೆಳಕು ಸಾಲದಿದ್ದರೆ ಓಟ ಪೂರ್ತಿ ನಿಲ್ಲುವುದೇ ಇಲ್ಲ. ಕಿಟಕಿಯ ಬಳಿ ಇಟ್ಟರೆ ಸಾಕಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ನಮ್ಮ ಕಣ್ಣು ಮೋಸ ಮಾಡುವುದು ಇಲ್ಲೇ. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್; ನಾವು ಆರಾಮಾಗಿ ಪುಸ್ತಕ ಓದುವ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಒಗ್ಗಿಕೊಳ್ಳುತ್ತದೆ, ಎಲೆ ಒಗ್ಗಿಕೊಳ್ಳುವುದಿಲ್ಲ. ಜೊತೆಗೆ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಸಸಿ ಆ ಕಡೆಗೇ ವಾಲುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಬೆಳಕು ಬರುವ ದಿಕ್ಕನ್ನು ಗುರುತಿಸುವುದು ಕುಡಿಯ ತುದಿ ಎಂದು 1880ರಲ್ಲೇ ಬರೆದರು.

ದೀಪಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಹಳಬರು ಉದ್ದನೆಯ ಟ್ಯೂಬ್‌ಲೈಟುಗಳಲ್ಲೇ ಸಸಿ ಎಬ್ಬಿಸಿದವರು. ಈಗ ಬಿಳಿ ಎಲ್‌ಇಡಿ ಪಟ್ಟಿಗಳು ಬಂದಿವೆ. ಇವುಗಳ ಹಿಂದೆ ನೀಲಿ ಎಲ್‌ಇಡಿಯ ಕಥೆ ಇದೆ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂತು. ಸಸಿಯನ್ನು ಕುಳ್ಳಗಿಡುವುದರಲ್ಲೂ ನೀಲಿ ಬೆಳಕಿನ ಪಾಲು ದೊಡ್ಡದು. ಟ್ಯೂಬ್ ಆದರೆ ಎಲೆಯಿಂದ ಎರಡು ಮೂರು ಇಂಚು ಮೇಲೆ, ಎಲ್‌ಇಡಿ ಆದರೆ ಅದರ ತೀಕ್ಷ್ಣತೆ ನೋಡಿಕೊಂಡು ಅರ್ಧ ಅಡಿಯಿಂದ ಒಂದು ಅಡಿ. ದೀಪವನ್ನು ಸರಪಳಿಯಲ್ಲಿ ತೂಗಿಬಿಟ್ಟು ಸಸಿ ಎದ್ದ ಹಾಗೆ ಒಂದೊಂದೇ ಕೊಂಡಿ ಏರಿಸುತ್ತಾರೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು, ಉಳಿದಷ್ಟು ಹೊತ್ತು ಕತ್ತಲು. ಅದನ್ನು ಟೈಮರ್ ನೋಡಿಕೊಳ್ಳುತ್ತದೆ. ಕೋಲಾರದ ನರ್ಸರಿಗಳಲ್ಲಿ ಇದೇ ಟೊಮೆಟೊ ಸಸಿಗೆ ನೆರಳುಪರದೆ ಕಟ್ಟಿ ಬಿಸಿಲನ್ನು ಸೋಸಿ ಕೊಡುತ್ತಾರೆ. ಅಲ್ಲಿ ಅತಿಯಾದದ್ದನ್ನು ಇಲ್ಲಿ ವಿದ್ಯುತ್ ಬಿಲ್ಲು ಕಟ್ಟಿ ತಯಾರಿಸಬೇಕು. ಟ್ರೇಗೆ ತುಂಬುವ ಕೊಕೊಪೀಟ್ ಮಾತ್ರ ಎರಡೂ ಕಡೆ ಒಂದೇ: ತೆಂಗಿನ ನಾರಿನ ಪುಡಿ.

ಬೆಳಕಿಗಿಂತ ಮೊದಲು ಬೇಕಾದದ್ದು ಬುಡದ ಬಿಸಿ. ಬೇಸ್‌ಮೆಂಟಿನ ತಣ್ಣನೆಯ ಟ್ರೇಯಲ್ಲಿ ಮೆಣಸಿನ ಬೀಜ ವಾರಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಟ್ರೇಯ ಕೆಳಗೆ ಹೀಟ್ ಮ್ಯಾಟ್ ಹಾಸಿ 27 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಟ್ಟರೆ ವಾರ, ಹತ್ತು ದಿನದಲ್ಲಿ ತಲೆ ಎತ್ತುತ್ತದೆ. ಮೊಳಕೆ ಕಂಡೊಡನೆ ಮ್ಯಾಟ್ ತೆಗೆಯಬೇಕು. ಬಿಸಿ ಹೆಚ್ಚಿ ಬೆಳಕು ಕಡಿಮೆಯಾದರೆ ಮತ್ತೆ ಎಳೆದುಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಜಿಪುಣರೇ ಜಾಣರು. ಸದಾ ತೇವವಿರುವ ಟ್ರೇಯಲ್ಲಿ ಪಿಥಿಯಂ, ರೈಜೋಕ್ಟೋನಿಯ ಎಂಬ ರೋಗಾಣುಗಳು ಸೇರಿಕೊಂಡು, ಸಂಜೆ ಚೆನ್ನಾಗಿದ್ದ ಸಸಿಗಳು ಬೆಳಗ್ಗೆ ಬುಡ ಕೊಳೆತು ಸಾಲಾಗಿ ಮಲಗಿರುತ್ತವೆ. ಬಿದ್ದದ್ದು ಮತ್ತೆ ಏಳುವುದಿಲ್ಲ. ಅದಕ್ಕೇ ಅಡಿಯ ತಟ್ಟೆಗೆ ನೀರು ಹಾಕಿ ಕೆಳಗಿನಿಂದ ಹೀರಲು ಬಿಡುತ್ತಾರೆ, ಮೇಲ್ಪದರ ಒಣಗಿದ ಮೇಲೆಯೇ ಮತ್ತೆ ಕೊಡುತ್ತಾರೆ. ಪಳಗಿದವರು ಮಣ್ಣು ಮುಟ್ಟಿಯೂ ನೋಡುವುದಿಲ್ಲ. ಟ್ರೇ ಎತ್ತಿ ತೂಕದಲ್ಲೇ ತಿಳಿಯುತ್ತಾರೆ. ಒಂದು ಸಣ್ಣ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ತೇವವೂ ಆರುತ್ತದೆ, ಗಾಳಿಗೆ ಅಲುಗಿದ ಕಾಂಡ ದಪ್ಪವೂ ಆಗುತ್ತದೆ. ಫ್ಯಾನ್ ಇಲ್ಲದವರು ದಿನಕ್ಕೆ ಒಂದೆರಡು ಸಲ ಸಸಿಗಳ ನೆತ್ತಿಯ ಮೇಲೆ ಅಂಗೈ ಆಡಿಸುತ್ತಾರೆ. ನೋಡುವವರಿಗೆ ಮುದ್ದು ಮಾಡಿದಂತೆ ಕಾಣುತ್ತದೆ, ಆದರೆ ಹಾಗೆ ಅಲುಗಿಸಿದ ಸಸಿ ನಿಜಕ್ಕೂ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ.

ಬೀಜದೆಲೆಗಳ ನಂತರ ನಿಜವಾದ ಎಲೆ ಮೂಡಿದಾಗ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು.

ಈ ದೀಪಕ್ಕೆ ಬಗ್ಗದ ಬೆಳೆಯೂ ಒಂದಿದೆ, ಅದು ಕನ್ನಡಿಗರ ಜೀವಕ್ಕೆ ಹತ್ತಿರದ್ದೇ: ಅವರೆ. ನಾಡ ಅವರೆ ಹೂ ಬಿಡಲು ಹಗಲು ಕುಗ್ಗಬೇಕು. ಹದಿನೈದೂವರೆ ಗಂಟೆಯ ಮಿನೆಸೋಟದ ಜೂನ್ ಹಗಲಿನಲ್ಲಿ ಅದು ಬರೀ ಬಳ್ಳಿಯಾಗಿ ಹಬ್ಬುತ್ತದೆ. ಹೂ ಬರುವಷ್ಟರಲ್ಲಿ ಚಳಿ ಬಂದಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಅಂಥ ತಳಿ ಸಿಕ್ಕಿದರೆ ಆಸೆ ಇಟ್ಟುಕೊಳ್ಳಬಹುದು.

ಮೇ ನಡುವಿನಲ್ಲಿ ಸಸಿಗಳಿಗೆ ಹೊರಗಾಳಿಯ ಅಭ್ಯಾಸ ಶುರು. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು. ಹೀಗೆ ವಾರ, ಹತ್ತು ದಿನ ಹೊರಗಿಟ್ಟು ಒಳತರುವ ಕೆಲಸ ಬೇಸರದ್ದೇ, ಆದರೆ ಬಿಡುವ ಹಾಗಿಲ್ಲ. ದೀಪದಡಿ ಬೆಳೆದ ಎಲೆಯ ಮೇಲೆ ಮೇಣದ ಪದರ ತೆಳು. ನೇರ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ನಾಟಿಗೆ ಮೋಡ ಕವಿದ ಸಂಜೆಯೇ ಸರಿ. ಟೊಮೆಟೊವನ್ನು ಕುತ್ತಿಗೆಯವರೆಗೆ ಹೂಳಬಹುದು, ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಮೆಣಸನ್ನು ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಟ್ಟರೆ ಸಾಕು. ಆಗಲೇ ಒಂದೆರಡು ಹೂ ಬಿಟ್ಟಿದ್ದರೆ ಚಿವುಟಿ ಹಾಕಬೇಕು; ಮೊದಲು ಬೇರು ಹಿಡಿಯಲಿ.